ಬೈಪೋಲಾರ್: ಮಾತ್ರೆ ತಗೊಂಡು, ಮಾತ್ರೆ ಇಲ್ಲದೆ — ಯಾವ ದಾರಿ ಯಾರಿಗೆ?

ನಮ್ಮ ಅಕ್ಕನಿಗೆ ಬೈಪೋಲಾರ್ ಕಾಯಿಲೆ ಇದೆ ಎಂದು ಗೊತ್ತಾಗಿ 16 ವರ್ಷ ಆಯಿತು. ಅಷ್ಟರಲ್ಲಿ ಎರಡು ಸಲ ಅವಳು ಮಾತ್ರೆ ಬಿಟ್ಟಿದ್ದಾಳೆ. ಮೊದಲ ಸಲ ಯಾರಿಗೂ ಹೇಳದೆ, ಒಂದೇ ದಿನಕ್ಕೆ ನಿಲ್ಲಿಸಿಬಿಟ್ಟಳು. ಎರಡನೇ ಸಲ ಡಾಕ್ಟರಿಗೆ ಹೇಳಿ, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿಕೊಂಡು ಬಂದಳು. ಎರಡನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ. ಆದ್ರೆ ಯಾರನ್ನೂ ಹೆದರಿಸಬೇಡ, ಸುಳ್ಳು ಧೈರ್ಯಾನೂ ಕೊಡಬೇಡ" ಅಂದಳು.

ನಾನು ಡಾಕ್ಟರ್ ಅಲ್ಲ. ಯಾವ ಮಾತ್ರೆ, ಎಷ್ಟು ಎಂದು ಹೇಳುವುದು ನಿಮ್ಮ ಮನೋವೈದ್ಯರ ಕೆಲಸ. ಅವರ ಮುಂದೆ ಕೂತಾಗ ಏನು ಕೇಳಬೇಕು, ಮನೆಗೆ ಬಂದು ಏನು ಯೋಚಿಸಬೇಕು ಎನ್ನುವುದಕ್ಕೆ ಇದು ಉಪಯೋಗವಾಗಲಿ.

ಮೊದಲು, ಯಾವ ಬೈಪೋಲಾರ್?

ಡಾಕ್ಟರ ಚೀಟಿಯಲ್ಲಿ 'ಬಿಪಿಎಡಿ' ಎಂದು ಬರೆದಿತ್ತು, ಅಂದರೆ ಬೈಪೋಲಾರ್ ಅಫೆಕ್ಟಿವ್ ಡಿಸಾರ್ಡರ್. ಅಪ್ಪ ಅದನ್ನು ಬಿ.ಪಿ. ಎಂದುಕೊಂಡು ಅಕ್ಕನ ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿದರು. ಈ ಕಾಯಿಲೆಗೆ ಕೊಡುವ ಲಿಥಿಯಂ ಎಂಬ ಮಾತ್ರೆ ತಗೊಳ್ಳುವವರು ಏಕಾಏಕಿ ಉಪ್ಪು ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ, ಅದು ಅಪಾಯ ಎಂದು ನಮಗೆ ಆಮೇಲೆ ಗೊತ್ತಾಯಿತು. ಕಾಯಿಲೆಯ ಹೆಸರನ್ನೇ ಯಾರೂ ಬಿಡಿಸಿ ಹೇಳಿರಲಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಮನಸ್ಸು ಕೆಲವು ಕಾಲ ಉನ್ಮಾದಕ್ಕೆ ಏರುವುದು, ಕೆಲವು ಕಾಲ ಖಿನ್ನತೆಗೆ ಇಳಿಯುವುದು, ಇದೇ ಬೈಪೋಲಾರ್.

ಬೈಪೋಲಾರ್ 1 ಎಂದರೆ ಪೂರ್ತಿ ಉನ್ಮಾದ ಬಂದಿರುವುದು. ಕನಿಷ್ಠ ಒಂದು ವಾರ ಇರುತ್ತದೆ, ಅಥವಾ ಅದಕ್ಕೂ ಮೊದಲೇ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಎರಡು ಮೂರು ಗಂಟೆ ನಿದ್ದೆ ಮಾಡಿದರೂ ಸುಸ್ತೇ ಇಲ್ಲ. ಮಾತು ನಿಲ್ಲುವುದಿಲ್ಲ. ದುಡ್ಡು ನೀರಿನಂತೆ ಹರಿಯುತ್ತದೆ. ಕೆಲವರಿಗೆ ಇಲ್ಲದ ದನಿ ಕೇಳಿಸುತ್ತದೆ, ತಾನೇ ದೇವರು ಎನ್ನಿಸುತ್ತದೆ.

ಬೈಪೋಲಾರ್ 2ರಲ್ಲಿ ಏರಿಕೆ ಸಣ್ಣದು. ನಾಲ್ಕು ದಿನವಾದರೂ ಇರುತ್ತದೆ, ಮನೆಯವರಿಗೆ ಗೊತ್ತಾಗುತ್ತದೆ, ಆದರೆ ಕೆಲಸ, ಸಂಸಾರ ಮುರಿದು ಬೀಳುವಷ್ಟಲ್ಲ. ಅದರ ಬದಲು ಖಿನ್ನತೆ ದೀರ್ಘ, ಆಳ. ಹಾಗಾಗಿ ಇದನ್ನು ಹಗುರವಾದ ಕಾಯಿಲೆ ಎನ್ನುವಂತಿಲ್ಲ. ಇಂಥವರು ಬೇಸರ, ಅಳು ಎಂದು ಡಾಕ್ಟರ ಹತ್ತಿರ ಹೋಗುತ್ತಾರೆ, ಹಿಂದೆ ಬಂದಿದ್ದ ಏರಿಕೆಯ ಮಾತು ಎತ್ತುವುದೇ ಇಲ್ಲ. ಆಗ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರ ಮನಸ್ಸು ನೇರ ಉನ್ಮಾದಕ್ಕೆ ತಿರುಗಬಹುದು. "ಮಾತ್ರೆ ತಗೊಂಡೇ ಜಾಸ್ತಿ ಆಯ್ತು" ಎನ್ನುವವರಲ್ಲಿ ಕೆಲವರಿಗೆ ನಿಜವಾಗಿ ಆಗಿರುವುದು ಇದೇ. ಅವರ ಅನುಭವ ಸುಳ್ಳಲ್ಲ. ಆ ಮಾತ್ರೆ ಆ ಕಾಯಿಲೆಗೆ ಒಂಟಿಯಾಗಿ ಕೊಡುವಂಥದ್ದಲ್ಲ, ಅಷ್ಟೇ.

ಈ 1, 2 ಎನ್ನುವ ವ್ಯತ್ಯಾಸ ತಿಳಿಯದೆ ಮಾತ್ರೆ ಬೇಕಾ, ಬೇಡ್ವಾ ಎಂದು ವಾದ ಮಾಡುವುದು ವ್ಯರ್ಥ. ಮುಂದಿನ ಸಲ ಹೋದಾಗ ಡಾಕ್ಟರನ್ನು ಕೇಳಿ: "ನಂದು ಒಂದನೇದಾ, ಎರಡನೇದಾ?"

ಮಾತ್ರೆಯ ದಾರಿ

ಲಿಥಿಯಂ ಕಾರ್ಖಾನೆಯಲ್ಲಿ ಹುಟ್ಟಿದ ವಿಚಿತ್ರ ರಾಸಾಯನಿಕ ಎಂದು ಹಲವರು ತಿಳಿದಿದ್ದಾರೆ. ಅದು ನೆಲದಲ್ಲಿ, ಬಂಡೆಯಲ್ಲಿ ಸಿಗುವ ಧಾತು, ಉಪ್ಪಿನ ರೂಪದಲ್ಲಿ ಕೊಡುತ್ತಾರೆ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯರು ಉನ್ಮಾದ ಇದ್ದವರಿಗೆ ಇದನ್ನು ಕೊಟ್ಟು, ಗುಣ ಕಂಡದ್ದನ್ನು ಪ್ರಕಟಿಸಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಎಷ್ಟೋ ಹೊಸ ಮಾತ್ರೆ ಬಂದರೂ ಇವತ್ತಿಗೂ ಮರುಕಳಿಕೆ ತಡೆಯಲು ಮೊದಲು ನೆನಪಾಗುವುದು ಲಿಥಿಯಂ. ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುವ ವಿಷಯದಲ್ಲಿ ಇದಕ್ಕೆ ಇರುವಷ್ಟು ಪುರಾವೆ ಈ ಕಾಯಿಲೆಯ ಬೇರೆ ಮಾತ್ರೆಗಳಿಗೆ ಇಲ್ಲ.

ಎಷ್ಟು ಕೆಲಸ ಮಾಡುತ್ತದೆ? ಹಲವು ಪ್ರಯೋಗಗಳನ್ನು ಒಟ್ಟಿಗೆ ಸೇರಿಸಿ 2004ರಲ್ಲಿ ಲೆಕ್ಕ ಹಾಕಿದಾಗ, ಔಷಧಿಯೇ ಇಲ್ಲದ ಹುಸಿ ಗುಳಿಗೆ ತಗೊಂಡವರಲ್ಲಿ ನೂರಕ್ಕೆ ಸುಮಾರು 60 ಜನಕ್ಕೆ ಕಾಯಿಲೆ ಮರುಕಳಿಸಿತ್ತು. ಲಿಥಿಯಂ ತಗೊಂಡವರಲ್ಲಿ ಸುಮಾರು 40 ಜನಕ್ಕೆ. ಈ ಎರಡು ಅಂಕಿಗಳನ್ನು ನಾನು ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಮಾತ್ರೆ ತಗೊಂಡರೆ ಮತ್ತೆ ಬರುವುದೇ ಇಲ್ಲ ಎನ್ನುವುದು ಸುಳ್ಳು. ತಗೊಳ್ಳದಿದ್ದರೂ ಅಷ್ಟೇ ಎನ್ನುವುದೂ ಸುಳ್ಳು. ಗಮನಿಸಿ, ಮಾತ್ರೆ ಇಲ್ಲದೆಯೂ ನೂರಕ್ಕೆ 40 ಜನ ಪ್ರಯೋಗದ ಅವಧಿಯನ್ನು ಮರುಕಳಿಕೆ ಇಲ್ಲದೆ ದಾಟಿದ್ದರು. "ನಮ್ಮ ಪರಿಚಯದವರು ಮಾತ್ರೆ ಬಿಟ್ಟು ಆರಾಮಾಗಿದ್ದಾರೆ" ಎಂದು ಯಾರಾದರೂ ಹೇಳಿದರೆ ಅದು ನಿಜ ಇರಬಹುದು. ಆದರೆ ಆ 40ರಲ್ಲಿ ನೀವು ಇರುತ್ತೀರೋ ಇಲ್ಲವೋ ಎಂದು ಮೊದಲೇ ಹೇಳುವ ಪರೀಕ್ಷೆ ಇಲ್ಲ.

ಈಗ ಅದು ಕೇಳುವ ಬೆಲೆ. ಅಕ್ಕ ಕಸೂತಿ ಹಾಕುತ್ತಾಳೆ. ಧಾರವಾಡದ ಕಸೂತಿ ಎಂದರೆ ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುವ ಕೆಲಸ. ಗವಂತಿ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೂ ಗೋಪುರ ಸೊಟ್ಟಗಾಗುತ್ತದೆ. ಲಿಥಿಯಂ ಶುರುವಾದ ಮೇಲೆ ಅವಳ ಬೆರಳು ನಡುಗತೊಡಗಿದವು. ಬಾಯಾರಿಕೆ, ಪದೇ ಪದೇ ಮೂತ್ರ, ಸ್ವಲ್ಪ ತೂಕ, ಇವೂ ಬಂದವು. ಅವಳಿಗೆ ನೋವಾಗಿದ್ದು ಮಾತ್ರ ಕೈಯದು. ಮನೆಯಲ್ಲಿ ನಾವೆಲ್ಲ "ಸಣ್ಣ ನಡುಕ ತಾನೆ, ತಡ್ಕೋ" ಎಂದೆವು. ಹಾಗೆ ಹೇಳಿದ್ದು ತಪ್ಪು. ಅವಳ ದುಡಿಮೆ, ಅವಳ ಮರ್ಯಾದೆ ಎರಡೂ ಆ ಬೆರಳಲ್ಲಿದ್ದವು. ಡಾಕ್ಟರಿಗೆ ಅವತ್ತೇ ಹೇಳಿದ್ದರೆ ಡೋಸ್ ಇಳಿಸಬಹುದಿತ್ತು, ನಡುಕಕ್ಕೆ ಬೇರೆ ಮಾತ್ರೆ ಕೊಡಬಹುದಿತ್ತು. ನಾವು ಹೇಳಲಿಲ್ಲ. ಅವಳು ಮಾತ್ರೆ ಬಿಟ್ಟಳು.

ಲಿಥಿಯಂ ಆರಿಸಿಕೊಂಡರೆ ರಕ್ತ ಪರೀಕ್ಷೆ ಬಿಡುವಂತಿಲ್ಲ. ರಕ್ತದಲ್ಲಿ ಲಿಥಿಯಂ ಪ್ರಮಾಣ ಬಹುತೇಕ ಜನರಿಗೆ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ನಡುವೆ ಇರಬೇಕು. 1.5 ದಾಟಿದರೆ ವಿಷವಾಗುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ ಭೇದಿ, ನಡಿಗೆ ತಡವರಿಸುವುದು, ಮಾತು ತೊದಲುವುದು ಕಂಡರೆ ಮುಂದಿನ ಡೋಸ್ ತಗೊಳ್ಳದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಥೈರಾಯ್ಡ್, ಕಿಡ್ನಿ, ಕ್ಯಾಲ್ಸಿಯಂ ಪರೀಕ್ಷೆ ಆಗಾಗ ಆಗಬೇಕು. ನಮ್ಮ ಕಡೆ ಇನ್ನೂ ಒಂದಿಷ್ಟು ಸಂಗತಿ ನೆನಪಿಡಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಬೆವರು ಸುರಿಸುವವರು, ಏಕಾದಶಿಗೋ ರಂಜಾನ್‌ಗೋ ನೀರು ಸಹ ಬಿಡುವವರು, ಭೇದಿ ಆದವರು, ಇವರಲ್ಲಿ ಲಿಥಿಯಂ ಏರಬಹುದು. ಮೆಡಿಕಲ್ ಶಾಪಿನಲ್ಲಿ ಮಂಡಿ ನೋವಿಗೆ ಕೊಡುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳಿಂದಲೂ, ಕೆಲವು ಬಿ.ಪಿ. ಮಾತ್ರೆಗಳಿಂದಲೂ ಏರುತ್ತದೆ. ಉಪವಾಸ ಮಾಡುವ ಆಸೆ ಇದ್ದರೆ ಮೊದಲೇ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ.

ಲಿಥಿಯಂ ಆಗದಿದ್ದರೆ ಮಾತ್ರೆಯ ದಾರಿ ಮುಗಿಯಿತು ಎಂದಲ್ಲ. ವ್ಯಾಲ್ಪ್ರೊಯೇಟ್ ಉನ್ಮಾದವನ್ನು ಬೇಗ ಇಳಿಸುತ್ತದೆ, ತೂಕ ಏರಿಸುತ್ತದೆ, ಕೂದಲು ಉದುರಬಹುದು. ಆದರೆ ಮಗು ಆಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಇದು ಬೇಡ ಎಂದು ಗಟ್ಟಿಯಾಗಿ ಹೇಳುತ್ತೇನೆ. ಬಸಿರಿನಲ್ಲಿ ಇದನ್ನು ತಗೊಂಡರೆ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಹುಟ್ಟಿನಿಂದಲೇ ಅಂಗದ ದೋಷ ಬರುತ್ತದೆ, ಮೂರು ನಾಲ್ಕು ಮಕ್ಕಳಿಗೆ ಬೆಳವಣಿಗೆಯ ತೊಂದರೆ ಆಗಬಹುದು. ನಿಮಗೆ ಈಗಾಗಲೇ ಇದನ್ನು ಬರೆದಿದ್ದರೆ ಗಾಬರಿಯಿಂದ ನಿಲ್ಲಿಸಬೇಡಿ, ಈ ವಾರವೇ ಹೋಗಿ ಬದಲಿ ಕೇಳಿ. ಲ್ಯಾಮೋಟ್ರಿಜಿನ್ ಖಿನ್ನತೆ ಮರುಕಳಿಸದಂತೆ ಕಾಯುವುದರಲ್ಲಿ ಒಳ್ಳೆಯದು, ತೂಕ ಏರಿಸುವುದಿಲ್ಲ. ಆದರೆ ಬಹಳ ನಿಧಾನವಾಗಿ ಏರಿಸಬೇಕು, ಮೈಮೇಲೆ ದದ್ದು ಎದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಎದ್ದು ಕೂತಿರುವ ಉನ್ಮಾದವನ್ನು ಇದು ಇಳಿಸುವುದಿಲ್ಲ. ಕ್ವೆಟಿಯಾಪಿನ್, ಒಲಾಂಜಪಿನ್ ಬೇಗ ಕೆಲಸ ಮಾಡುತ್ತವೆ, ನಿದ್ದೆ ಕೊಡುತ್ತವೆ. ಸಕ್ಕರೆ, ತೂಕ, ಸೊಂಟದ ಅಳತೆ ನೋಡಿಕೊಳ್ಳುತ್ತಿರಬೇಕು.

ಮಾತ್ರೆ ಇಲ್ಲದ ದಾರಿಯಲ್ಲಿ ಏನೇನಿದೆ

ಇಲ್ಲಿ ನನಗೆ ಅತ್ಯಂತ ನಂಬಿಕೆ ಇರುವುದು ನಿದ್ದೆ ಮತ್ತು ದಿನಚರಿಯ ಮೇಲೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಮತ್ತು ಅವರ ಜೊತೆಯವರು ಒಂದು ಚಿಕಿತ್ಸೆ ಕಟ್ಟಿದರು. ಅದರ ಬೇರು ಸರಳ. ದಿನಕ್ಕೆ ಐದು ಹೊತ್ತನ್ನು ಬರೆದಿಡಬೇಕು: ಹಾಸಿಗೆ ಬಿಟ್ಟದ್ದು, ಮೊದಲ ಸಲ ಒಬ್ಬರ ಜೊತೆ ಮಾತಾಡಿದ್ದು, ಕೆಲಸ ಶುರು ಮಾಡಿದ್ದು, ರಾತ್ರಿ ಊಟ, ಮಲಗಿದ್ದು. ಈ ಐದೂ ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವಂತೆ ನೋಡಿಕೊಳ್ಳಬೇಕು. ಇದರ ಜೊತೆ ಮನೆಯ ಜಗಳ, ಸಾವು, ಕೆಲಸ ಬದಲಾಗುವುದು, ಇಂಥ ಸಂಗತಿಗಳ ಬಗ್ಗೆ ಕೌನ್ಸೆಲರ್ ಜೊತೆ ಮಾತು.

ಓದಿದಾಗ ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ನಮ್ಮ ಬದುಕಿನಲ್ಲಿ ಇದನ್ನು ಕಾಪಾಡುವುದು ಎಷ್ಟು ಕಷ್ಟ ನೋಡಿ. ಶಿವರಾತ್ರಿಯ ಜಾಗರಣೆ. ಬೆಳಗಿನ ಜಾವದ ಮುಹೂರ್ತ. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಬರುವುದು. ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಐಟಿ ಶಿಫ್ಟು. ಹೊಸ ಬಾಣಂತಿಯ ಮುರಿದ ನಿದ್ದೆ. ಬೈಪೋಲಾರ್ ಇರುವವರಿಗೆ ಒಂದೇ ಒಂದು ನಿದ್ದೆಗೆಟ್ಟ ರಾತ್ರಿಯೂ ಉನ್ಮಾದದ ಬಾಗಿಲು ತೆರೆಯಬಹುದು. ಅಕ್ಕ ಈಗ ಜಾಗರಣೆಯ ಭಜನೆಗೆ ಸಂಜೆ ಹೋಗಿ ಹತ್ತಕ್ಕೆ ಮನೆಗೆ ಬರುತ್ತಾಳೆ. ಮೊದಲ ವರ್ಷ ಅತ್ತೆಯರು ಮುಖ ಸಣ್ಣ ಮಾಡಿದರು. ಈಗ ಅವರೇ "ಹೊತ್ತಾಯ್ತು, ಹೊರಡು" ಅನ್ನುತ್ತಾರೆ.

ಇದೊಂದನ್ನೇ ಮಾಡಿದರೆ ಸಾಕಾಗುತ್ತದೆಯೇ? ಬೈಪೋಲಾರ್ 2ರ ಖಿನ್ನತೆ ಇದ್ದವರಲ್ಲಿ ಇದನ್ನು ನೇರವಾಗಿ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ದಾರೆ. ಒಂದು ಗುಂಪಿಗೆ ಈ ದಿನಚರಿಯ ಚಿಕಿತ್ಸೆಯ ಜೊತೆ ಕ್ವೆಟಿಯಾಪಿನ್, ಇನ್ನೊಂದಕ್ಕೆ ಅದೇ ಚಿಕಿತ್ಸೆಯ ಜೊತೆ ಹುಸಿ ಗುಳಿಗೆ. ಎರಡೂ ಗುಂಪು ಚೇತರಿಸಿಕೊಂಡವು. ಮಾತ್ರೆ ಇದ್ದವರು ಬೇಗ ಚೇತರಿಸಿಕೊಂಡರು, ಆದರೆ ಅಡ್ಡ ಪರಿಣಾಮ ಅವರಿಗೇ ಜಾಸ್ತಿ. ಹುಸಿ ಗುಳಿಗೆಯವರೂ ಸುಮ್ನೆ ಮನೆಯಲ್ಲಿ ಕೂತಿರಲಿಲ್ಲ. ವಾರವಾರ ತರಬೇತಿ ಪಡೆದ ಚಿಕಿತ್ಸಕರ ಮುಂದೆ ಕೂತಿದ್ದರು. ಬೈಪೋಲಾರ್ 1ಕ್ಕೆ ಮಾತ್ರೆ ಇಲ್ಲದೆ ಮಾತು, ದಿನಚರಿಯಷ್ಟೇ ಸಾಕು ಎಂದು ತೋರಿಸುವ ಇಂಥ ಪುರಾವೆ ಇಲ್ಲ.

ಮಾತ್ರೆಯ ಜೊತೆಗೆ ಮಾತಿನ ಚಿಕಿತ್ಸೆ ಸೇರಿದರೆ ಏನಾಗುತ್ತದೆ ಎನ್ನುವುದಕ್ಕೆ 2007ರಲ್ಲಿ ಅಮೆರಿಕದಿಂದ ಬಂದ ದೊಡ್ಡ ಅಧ್ಯಯನ ಇದೆ. ಖಿನ್ನತೆಯಲ್ಲಿದ್ದ 293 ಜನ. ಕುಟುಂಬವನ್ನು ಕೂರಿಸಿಕೊಂಡು ಮಾಡುವ ಚಿಕಿತ್ಸೆಯೋ, ದಿನಚರಿಯದ್ದೋ, ಯೋಚನೆ ತಿದ್ದುವುದೋ ಪೂರ್ತಿಯಾಗಿ ಸಿಕ್ಕವರಲ್ಲಿ ವರ್ಷದೊಳಗೆ ನೂರಕ್ಕೆ 64 ಜನ ಚೇತರಿಸಿಕೊಂಡರು. ಮೂರೇ ಸಲ ತಿಳಿವಳಿಕೆ ಹೇಳಿ ಕಳಿಸಿದವರಲ್ಲಿ 52. ಹಾಗಾಗಿ ಚೀಟಿ ಬರೆದು ಎರಡು ನಿಮಿಷದಲ್ಲಿ ಕಳಿಸುವುದು ಅರ್ಧ ಚಿಕಿತ್ಸೆ ಎಂದು ನಾನು ನಂಬಿದ್ದೇನೆ.

ಯೋಗ, ನಡಿಗೆ ಒಳ್ಳೆಯದು. ನಿಮ್ಹಾನ್ಸ್‌ನಲ್ಲೇ ಯೋಗ ಹೇಳಿಕೊಡುತ್ತಾರೆ. ಆದರೆ ಕಪಾಲಭಾತಿ, ಭಸ್ತ್ರಿಕದಂಥ ಜೋರು ಉಸಿರಾಟ ಕೆಲವರನ್ನು ಕೆರಳಿಸುತ್ತದೆ. ಮನಸ್ಸು ಏರುತ್ತಿದೆ ಅನ್ನಿಸಿದಾಗ ಅದನ್ನು ಬಿಟ್ಟು ನಿಧಾನದ ಉಸಿರಿಗೆ ಬರಬೇಕು. ಮೀನೆಣ್ಣೆಯ ಒಮೆಗಾ-3 ಖಿನ್ನತೆಗೆ ಅಲ್ಪ ಸಹಾಯ ಮಾಡಬಹುದು, ಉನ್ಮಾದಕ್ಕೆ ಇಲ್ಲ.

ಗಿಡಮೂಲಿಕೆಯಲ್ಲಿ ಸರ್ಪಗಂಧಿಯ ಮಾತು ಬರಲೇಬೇಕು. ಹುಚ್ಚಿಗೆ ಅದನ್ನು ನಮ್ಮವರು ಎಷ್ಟೋ ಕಾಲದಿಂದ ಬಳಸಿದ್ದಾರೆ. 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ವೈದ್ಯರು ಅದರ ಬಗ್ಗೆ ಬರೆದರು. 1950ರ ದಶಕದಲ್ಲಿ ಅದರಿಂದ ತೆಗೆದ ರಿಸರ್ಪಿನ್ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಬಳಕೆಗೆ ಬಂತು. ಅಂದರೆ ಅದು ಸೊಪ್ಪಲ್ಲ, ನಿಜವಾದ ಔಷಧಿ. ಔಷಧಿಯ ಅಪಾಯವೂ ಅದಕ್ಕಿದೆ: ಬಿ.ಪಿ. ಇಳಿಯುತ್ತದೆ, ಖಿನ್ನತೆ ಬರಬಹುದು. ಖಿನ್ನತೆಗೆ ಜಾರುವ ಮನಸ್ಸಿಗೆ ಅದನ್ನು ಯಾರೋ ಹೇಳಿದರೆಂದು ಕೊಡುವುದು ದುಡುಕು. ಪಾದರಸ, ಸೀಸ ಇರುವ ಭಸ್ಮಗಳು ಕಿಡ್ನಿಗೆ ಕೆಟ್ಟವು, ಲಿಥಿಯಂ ತಗೊಳ್ಳುವವರು ಅವುಗಳ ಹತ್ತಿರವೂ ಹೋಗಬಾರದು.

ದೇವಸ್ಥಾನಕ್ಕೆ, ದರ್ಗಾಕ್ಕೆ ಹೋಗುವುದರಿಂದ ಅವ್ವನಿಗೆ ಬಲ ಬಂತು. ಅದನ್ನು ನಾನು ಕೀಳಾಗಿ ನೋಡುವುದಿಲ್ಲ. ಹೊಡೆಯುವವರು, ಕಟ್ಟಿಹಾಕುವವರು, ಮಾತ್ರೆ ಬಿಡು ಎನ್ನುವವರು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಎರಡನ್ನೂ ಪಕ್ಕಪಕ್ಕ ಇಟ್ಟಾಗ

ಈಗ ಉನ್ಮಾದ ಎದ್ದಿದೆ ಎಂದರೆ ಆರಿಸಿಕೊಳ್ಳುವುದಕ್ಕೆ ಏನೂ ಇಲ್ಲ. ಮಾತ್ರೆ ಬೇಕು, ಬಹಳ ಸಲ ಆಸ್ಪತ್ರೆಯೂ ಬೇಕು. ಆ ಹೊತ್ತಿಗೆ ಧ್ಯಾನ ಮಾಡು, ಮಲಗು ಎಂದರೆ ಅವರಿಂದ ಆಗುವುದಿಲ್ಲ.

ಸಾಯುವ ಯೋಚನೆ ಬರುತ್ತಿದ್ದರೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಒಂಟಿಯಾಗಿ ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ 'ಕರೆಂಟ್ ಕೊಡಬೇಕು' ಎಂದರೆ ಹೆದರಬೇಡಿ. ಅರಿವಳಿಕೆ ಕೊಟ್ಟೇ ಮಾಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ತೀವ್ರ ಖಿನ್ನತೆಯನ್ನು ಅದರಷ್ಟು ಬೇಗ ಇಳಿಸುವ ಚಿಕಿತ್ಸೆ ಕಡಿಮೆ.

ಬೈಪೋಲಾರ್ 1 ಇದ್ದು, ವರ್ಷಗಟ್ಟಲೆ ಆರಾಮಾಗಿದ್ದರೆ? ಪೂರ್ತಿ ಬಿಡುವುದಕ್ಕಿಂತ ಇಳಿಸುವ, ಬದಲಿಸುವ ಮಾತು ಎತ್ತಿ. ಮೂರು ಮಾತ್ರೆ ಒಂದಕ್ಕೆ ಇಳಿಯಬಹುದು. ಬೈಪೋಲಾರ್ 2 ಅಥವಾ ಅದಕ್ಕಿಂತ ಸಣ್ಣ ಏರಿಳಿತವಾದರೆ ಆಯ್ಕೆಗೆ ಜಾಗ ಸ್ವಲ್ಪ ಜಾಸ್ತಿ ಇದೆ. ಒಳ್ಳೆ ಕೌನ್ಸೆಲರ್, ಗಟ್ಟಿ ದಿನಚರಿ, ಕಣ್ಣಿಡುವ ಮನೆಯವರು, ಬೇಗ ಸಿಗುವ ಡಾಕ್ಟರ್, ಈ ನಾಲ್ಕೂ ಇದ್ದರೆ ಮಾತ್ರೆ ಇಲ್ಲದೆ ನೋಡುವುದು ಹುಚ್ಚು ಸಾಹಸವೇನಲ್ಲ. ಬಸಿರಾಗುವ ಆಸೆ ಇದ್ದರೆ ಆರು ತಿಂಗಳು ಮೊದಲೇ ಮಾತಾಡಿ. ಹೆರಿಗೆ ಆದ ಮೊದಲ ವಾರಗಳಲ್ಲಿ ಮರುಕಳಿಕೆಯ ಅಪಾಯ ಬಹಳ ಹೆಚ್ಚು, ಹಾಗಾಗಿ ಬಾಣಂತಿಯ ರಾತ್ರಿ ನಿದ್ದೆ ಕಾಯುವುದು ಮನೆಯವರೆಲ್ಲರ ಕೆಲಸ.

ಖರ್ಚಿನ ಲೆಕ್ಕ ಜನ ತಿಳಿದಂತಿಲ್ಲ. ಲಿಥಿಯಂ ದುಬಾರಿ ಮಾತ್ರೆಯಲ್ಲ. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಮಾತ್ರೆ ಇಲ್ಲದ ದಾರಿಗೆ ಬೇಕಾದ ನುರಿತ ಕೌನ್ಸೆಲರ್ ಮಾತ್ರ ಸಣ್ಣ ಊರಲ್ಲಿ ಸಿಗುವುದು ಕಷ್ಟ. 2015-16ರಲ್ಲಿ ನಿಮ್ಹಾನ್ಸ್ ಮುಂದೆ ನಿಂತು ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೈಪೋಲಾರ್ ಇರುವವರಲ್ಲಿ ನೂರಕ್ಕೆ ಸುಮಾರು 70 ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರು ಮಾತ್ರೆ ಬೇಡ ಎಂದು ಆರಿಸಿಕೊಂಡವರಲ್ಲ. ಈ ವಿಷಯ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಿಟ್ಟೇ ನೋಡಬೇಕು ಅನ್ನಿಸಿದರೆ

ಮೊದಲ ಸಲ ಅಕ್ಕ ಬಿಟ್ಟಾಗ ಮೊದಲ ಮೂರು ವಾರ ಎಲ್ಲವೂ ಚೆನ್ನಾಗಿತ್ತು. ಕೈ ನಡುಕ ನಿಂತಿತು. ಮದುವೆ ಸೀರೆಯೊಂದಕ್ಕೆ ತೇರಿನ ಚಿತ್ತಾರ ಹಾಕಿದಳು, ಅದರಷ್ಟು ಚೆಂದದ ಕೆಲಸ ಅವಳು ಅಲ್ಲಿಯವರೆಗೆ ಮಾಡಿರಲಿಲ್ಲ. ಐದನೇ ವಾರ ರಾತ್ರಿ ಮೂರಕ್ಕೆ ಎದ್ದು ದಾರದ ಲಡಿಗಳನ್ನು ಬಣ್ಣಬಣ್ಣವಾಗಿ ಜೋಡಿಸತೊಡಗಿದಳು. ಆರನೇ ವಾರ ಸಾಲ ಮಾಡಿ 40 ಇಳಕಲ್ ಸೀರೆ ತಂದಳು. ಏಳನೇ ವಾರ ಆಸ್ಪತ್ರೆ. ಲಿಥಿಯಂ ದಿಢೀರ್ ನಿಲ್ಲಿಸಿದರೆ ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಉನ್ಮಾದ ಮರಳುವುದು ಹೆಚ್ಚು ಎಂದು ಅಲ್ಲಿ ಹೇಳಿದರು.

ಎರಡನೇ ಸಲ ಡಾಕ್ಟರೇ ಲೆಕ್ಕ ಹಾಕಿದರು. ಕನಿಷ್ಠ ನಾಲ್ಕು ವಾರ, ಆದರೆ ಮೂರು ತಿಂಗಳು ತಗೊಂಡು ಇಳಿಸಿದರೆ ಒಳ್ಳೆಯದು ಅಂದರು. ಆ ವರ್ಷ ಮನೆಯಲ್ಲಿ ಮದುವೆ ಇರಲಿಲ್ಲ, ಹಬ್ಬದ ಆರ್ಡರ್ ಮುಗಿದಿತ್ತು. ಶುರು ಮಾಡುವ ಮೊದಲು ಅಕ್ಕ ತಾನೇ ಒಂದು ಹಾಳೆಯಲ್ಲಿ ಬರೆದಳು: ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ ಎರಡು ದಿನ ಆದರೆ, ದಾರ ಜೋಡಿಸಲು ಎದ್ದರೆ, ಹಳೇ ಗೆಳತಿಯರಿಗೆಲ್ಲ ಫೋನ್ ಹಚ್ಚಿದರೆ, ನನ್ನನ್ನು ಕೇಳದೆಯೇ ಡಾಕ್ಟರಿಗೆ ಹೇಳಿ. ಎಟಿಎಂ ಕಾರ್ಡ್ ತಂಗಿಯ ಹತ್ತಿರ ಇರಲಿ. ಇದನ್ನೇ ಕಾನೂನಿನ ರೀತಿಯಲ್ಲೂ ಬರೆದಿಡಬಹುದು. 2017ರ ಕಾಯ್ದೆಯಲ್ಲಿ ಮುಂಗಡ ನಿರ್ದೇಶನ ಎನ್ನುತ್ತಾರೆ: ನನಗೆ ಕಾಯಿಲೆ ಜೋರಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ನನ್ನ ಪರವಾಗಿ ಯಾರು ಮಾತಾಡಬೇಕು ಎಂದು ಮೊದಲೇ ಹೇಳಿಡುವುದು.

11 ತಿಂಗಳು ಮಾತ್ರೆ ಇಲ್ಲದೆ ಚೆನ್ನಾಗಿದ್ದಳು. 12ನೇ ತಿಂಗಳು ಬೆಳಿಗ್ಗೆ ಏಳುವುದು ತಡವಾಗತೊಡಗಿತು, ಸೂಜಿ ಕೈಗೆ ತಗೊಳ್ಳಲಿಲ್ಲ. ಹಾಳೆ ಇದ್ದದ್ದರಿಂದ ವಾರದೊಳಗೆ ಡಾಕ್ಟರ ಮುಂದೆ ಕೂತಿದ್ದೆವು. ಈ ಸಲ ಆಸ್ಪತ್ರೆ ಸೇರಲಿಲ್ಲ, ಸಾಲ ಆಗಲಿಲ್ಲ. ಲಿಥಿಯಂಗೆ ಅವಳೇ ಮರಳಿದಳು, ಕಡಿಮೆ ಡೋಸಿಗೆ. ರಕ್ತದಲ್ಲಿ ಅದರ ಮಟ್ಟವನ್ನು 0.6ರ ಹತ್ತಿರ ಇಟ್ಟಿದ್ದಾರೆ, ಆ ಮಟ್ಟದಲ್ಲಿ ಕೈ ಅಷ್ಟು ನಡುಗುವುದಿಲ್ಲ. "ಆ 11 ತಿಂಗಳು ನನಗೆ ಬೇಕಿತ್ತು. ಈಗ ಯಾರ ಒತ್ತಾಯಕ್ಕೂ ತಗೋತಿಲ್ಲ" ಅನ್ನುತ್ತಾಳೆ.

ಐದು ಹೊತ್ತಿನ ಪಟ್ಟಿ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಇವತ್ತಿಗೂ ಅಂಟಿದೆ. ನಾಳೆ ಅವಳ ರಕ್ತ ಪರೀಕ್ಷೆ. ಮಾತ್ರೆ ತಗೊಂಡು 12 ಗಂಟೆ ಕಳೆದ ಮೇಲೆ ರಕ್ತ ಕೊಡಬೇಕು. ಹಾಗಾಗಿ ಇವತ್ತು ರಾತ್ರಿ 9ಕ್ಕೆ ಮಾತ್ರೆ, ನಾಳೆ ಬೆಳಿಗ್ಗೆ 9ಕ್ಕೆ ಲ್ಯಾಬ್. ಎಂಟರ ಬಸ್ಸಿಗೆ ಇಬ್ಬರೂ ಹೋಗುತ್ತೇವೆ.